ಹೊಲವಿಲ್ಲದ ಊರಿನ ರೈತರು

ನಾನಿರುವ ಬ್ರೋನ್ಸ್‌ಹೊಯ್, ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನ ವಾಯವ್ಯಕ್ಕಿರುವ ಬಡಾವಣೆ. 1901ರಲ್ಲೇ ನಗರಕ್ಕೆ ಸೇರಿಹೋದ ಊರು. ಆದರೂ 5ಸಿ ಬಸ್ಸು ಹತ್ತುವಾಗ ನಮ್ಮ ಬೀದಿಯ ಹಳಬರು ಇವತ್ತಿಗೂ ಅನ್ನುವುದು 'ಪೇಟೆಗೆ ಹೋಗಿಬರ್ತೀನಿ' ಅಂತಲೇ.

ಹೊಯ್ ಅಂದರೆ ದಿಬ್ಬ. ಇದು ಎತ್ತರದ ಜಾಗ, ರಾಜಧಾನಿಯ ಮೇಲೆ ಕಣ್ಣಿಡಲು ಹೇಳಿಮಾಡಿಸಿದ್ದು. 1658ರಲ್ಲಿ ಕೋಪನ್‌ಹೇಗನ್ನಿಗೆ ಮುತ್ತಿಗೆ ಹಾಕಿದ ಸ್ವೀಡನ್ನಿನ ದೊರೆ ಹತ್ತನೇ ಕಾರ್ಲ್ ಗುಸ್ತಾವ್ ಪಾಳೆಯ ಬಿಟ್ಟಿದ್ದು ಇಲ್ಲೇ. ಆ ಪಾಳೆಯಕ್ಕೆ ಕಾರ್ಲ್‌ಸ್ಟಾಡ್, ಅಂದರೆ ಕಾರ್ಲನ ಊರು, ಅಂತ ತನ್ನದೇ ಹೆಸರಿಟ್ಟ. 1659ರ ಫೆಬ್ರವರಿಯ ಒಂದು ರಾತ್ರಿ ಕೋಟೆಗೆ ನುಗ್ಗಲು ಹೋಗಿ ಸೋತ. 1660ರಲ್ಲಿ ಸೈನ್ಯ ಜಾಗ ಖಾಲಿ ಮಾಡಿತು. ದೊರೆಯ ಊರು ಹೇಳಹೆಸರಿಲ್ಲದಂತೆ ಹೋಯಿತು, ಹಳ್ಳಿಯ ಚರ್ಚ್ ಉಳಿಯಿತು. ಹನ್ನೆರಡನೇ ಶತಮಾನದ ಚರ್ಚ್ ಅದು. ಕೋಪನ್‌ಹೇಗನ್ನಿನ ಚರ್ಚುಗಳಲ್ಲೆಲ್ಲ ಹಳೆಯದು.

ಸೈನ್ಯಕ್ಕೆ ಬಗ್ಗದ ಹಳ್ಳಿ ಸೈಟುಗಳಿಗೆ ಬಗ್ಗಿತು. ರಾಜಧಾನಿಯ ಕೋಟೆಯಾಚೆ ಮನೆ ಕಟ್ಟಲು ಇದ್ದ ನಿರ್ಬಂಧ ಹತ್ತೊಂಬತ್ತನೇ ಶತಮಾನದ ಮಧ್ಯದಲ್ಲಿ ಸಡಿಲವಾದ ಮೇಲೆ ನಗರ ಹೊಲಗದ್ದೆಗಳ ಕಡೆ ಹರಿಯತೊಡಗಿತು. ಹೆಂಚಿನ ಮನೆಗಳು ಬಂದವು, ನೀರಿನ ಗೋಪುರ ಬಂತು, 1950ರ ದಶಕದಲ್ಲಿ ಪಕ್ಕದ ಬೆಲ್ಲಾಹೊಯ್‌ನಲ್ಲಿ ಬಹುಮಹಡಿ ಕಟ್ಟಡಗಳೆದ್ದವು. ಬೆಂಗಳೂರಿನ ಅಗರ, ಈಜಿಪುರ ಕಂಡವರಿಗೆ ಈ ಕಥೆ ಹೊಸದೇನಲ್ಲ.

ಹಳ್ಳಿ ಎಲ್ಲಿ ಹೋಯಿತು ಅಂತ ನನಗೆ ಗೊತ್ತಾಗಿದ್ದು ಚರ್ಚಿನ ಸುತ್ತಲಿನ ಸ್ಮಶಾನದಲ್ಲಿ. ಡೆನ್ಮಾರ್ಕಿನಲ್ಲಿ ಸ್ಮಶಾನವೆಂದರೆ ತೋಟ. ಒಂದೊಂದು ಸಮಾಧಿಗೂ ಮೊಣಕಾಲೆತ್ತರದ ಬೇಲಿಗಿಡ, ಒಳಗೆ ಹೂವು, ಗೀರು ಬೀಳುವಂತೆ ಕುಂಟೆಯಾಡಿಸಿದ ಜಲ್ಲಿ. ಹಳೆಯ ಕಲ್ಲುಗಳಲ್ಲಿ ಹೆಸರಿನ ಜೊತೆ ಕಸುಬನ್ನೂ ಕೆತ್ತುವ ಪದ್ಧತಿ. ಪಾಚಿ ಹಿಡಿದ ಒಂದು ಕಲ್ಲಿನ ಮೇಲೆ ಬೆರಳಾಡಿಸುತ್ತ ಓದಿದೆ: 'ಗೋರ್‌ಐಯರ್'. ಜಮೀನುಳ್ಳ ರೈತ ಅಂತ ಅರ್ಥ. ಆ ಜಮೀನಿನ ಮೇಲೆ ಈಗ ಯಾರ ಮನೆಯಿದೆಯೋ, ನನ್ನದೇ ಇರಬಹುದು ಅನ್ನಿಸಿ ಎದೆ ಭಾರವಾಯಿತು.

ಇಲ್ಲಿ ಸಮಾಧಿಯ ಜಾಗ ಶಾಶ್ವತವಲ್ಲ. ಇಷ್ಟು ವರ್ಷ ಅಂತ ಗುತ್ತಿಗೆ. ಗಡುವು ಮುಗಿದಾಗ ಮನೆಯವರು ಹಣ ಕಟ್ಟಿ ಮುಂದುವರಿಸದಿದ್ದರೆ ಸಾಮಾನ್ಯವಾಗಿ ಕಲ್ಲನ್ನು ತೆಗೆಯುತ್ತಾರೆ. ಅವತ್ತು ಪಕ್ಕದ ಸಾಲಿನಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದ ಅಜ್ಜಿಯೊಬ್ಬರನ್ನು ಇದರ ಬಗ್ಗೆ ಕೇಳಿದೆ. ತಮ್ಮ ತಾತನ ಕಲ್ಲು ತೋರಿಸಿದರು. ಅದರಲ್ಲೂ ಅದೇ ಪದ. "ಈ ವರ್ಷ ಮತ್ತೆ ಕಟ್ಟಿದ್ದೀನಿ," ಅಂದವರು ನೀರಿನ ಕ್ಯಾನು ತುಂಬಿಸಿಕೊಳ್ಳಲು ನಲ್ಲಿಯತ್ತ ಹೋದರು.