‘ನಮಗೆ ಒಟ್ಟು ಎಷ್ಟು ಗೋದಾಮು ಬೇಕು?’ ಎಂದು ಕೇಳುವವರಿಗೆ

ಸರಕು ಪೂರೈಕೆಯ ಜಾಲವನ್ನು ಲೆಕ್ಕ ಹಾಕಿ ಮರುವಿನ್ಯಾಸ ಮಾಡುವುದು ನನ್ನ ವೃತ್ತಿ. ಹೀಗೆಂದು ತಿಳಿದ ಕೂಡಲೇ ಕಾರ್ಖಾನೆ ನಡೆಸುವವರು, ಸಗಟು ವ್ಯಾಪಾರಿಗಳು, ಕಂಪನಿಗಳ ಹಣಕಾಸು ಮುಖ್ಯಸ್ಥರು ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ: ‘ನಮಗೆ ಒಟ್ಟು ಎಷ್ಟು ಗೋದಾಮು ಬೇಕು? ಒಂದು ಸಂಖ್ಯೆ ಹೇಳಿ.’

ಆ ಸಂಖ್ಯೆ ಇಡೀ ಕೆಲಸದಲ್ಲಿ ಕೊನೆಗೆ ಹೊರಬರುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಹಣ ಉಳಿಯುವುದೂ ಆ ಸಂಖ್ಯೆಯಿಂದಲ್ಲ. ಯಾವ ಊರಿನ ಅಂಗಡಿಗೆ ಯಾವ ಗೋದಾಮಿನಿಂದ, ಎಷ್ಟು ದಿನದೊಳಗೆ ಸರಕು ಹೋಗಬೇಕು ಎಂಬ ಹಂಚಿಕೆಯಿಂದ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಸಂಖ್ಯೆಯ ಹಿಂದೆ ಬಿದ್ದು ಚೆನ್ನಾಗಿ ನಡೆಯುತ್ತಿದ್ದ ಗೋದಾಮುಗಳನ್ನು ಮುಚ್ಚಿದವರನ್ನು ನಾನು ಬಲ್ಲೆ.

ನಮ್ಮ ದೇಶದಲ್ಲಿ ಗೋದಾಮುಗಳು ಇರುವ ಜಾಗದಲ್ಲಿ ಏಕೆ ಇವೆ ಎಂಬುದಕ್ಕೆ ಒಂದು ಇತಿಹಾಸವಿದೆ. 2017ರ ಜುಲೈ 1ರಂದು ಜಿಎಸ್‌ಟಿ ಬರುವ ಮೊದಲು, ಒಂದು ರಾಜ್ಯದಿಂದ ಇನ್ನೊಂದು ರಾಜ್ಯದ ವ್ಯಾಪಾರಿಗೆ ನೇರವಾಗಿ ಮಾರಿದರೆ ಶೇಕಡಾ 2ರಷ್ಟು ಕೇಂದ್ರ ಮಾರಾಟ ತೆರಿಗೆ ಬೀಳುತ್ತಿತ್ತು. ಕೊಂಡವನಿಗೆ ಅದನ್ನು ಹೊಂದಿಸಿಕೊಳ್ಳುವ, ಅಂದರೆ ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ದಾರಿ ಇರಲಿಲ್ಲ. ಅದೇ ಸರಕನ್ನು ಆ ರಾಜ್ಯದಲ್ಲಿರುವ ತನ್ನದೇ ಡಿಪೋಗೆ ಸಾಗಿಸಿ ಅಲ್ಲಿಂದ ಮಾರಿದರೆ ಆ ತೆರಿಗೆ ತಪ್ಪುತ್ತಿತ್ತು. ಹಾಗಾಗಿ ಕಂಪನಿಗಳು ರಾಜ್ಯಕ್ಕೊಂದು ಡಿಪೋ ಕಟ್ಟಿಕೊಂಡವು. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಹೊಸೂರಿನ ಅಂಗಡಿಗೆ, ಅದು ತಮಿಳುನಾಡಿನಲ್ಲಿದೆ ಎಂಬ ಒಂದೇ ಕಾರಣಕ್ಕೆ, 300 ಕಿಲೋಮೀಟರ್ ಆಚೆಯ ಚೆನ್ನೈ ಡಿಪೋದಿಂದ ಸರಕು ಬರುವುದು ಸಹಜವಾಗಿತ್ತು. ಬೀದರ್ ಹೈದರಾಬಾದಿನಿಂದ ಸುಮಾರು 150 ಕಿಲೋಮೀಟರ್, ಬೆಂಗಳೂರಿನಿಂದ ಏಳುನೂರರ ಹತ್ತಿರ. ಆದರೂ ಬೀದರಿನ ಅಂಗಡಿಗೆ ಸರಕು ಏರುತ್ತಿದ್ದದ್ದು ಬೆಂಗಳೂರು ಅಥವಾ ಹುಬ್ಬಳ್ಳಿಯಲ್ಲಿ.

ಜಿಎಸ್‌ಟಿ ಬಂದ ಮೇಲೆ ಆ ತೆರಿಗೆಯ ಕಾರಣ ಹೋಯಿತು, ಗಡಿಯ ಚೆಕ್‌ಪೋಸ್ಟ್‌ಗಳೂ ಹೋದವು. 2018ರ ಏಪ್ರಿಲ್‌ 1ರಿಂದ ಸರಕಿನ ಜೊತೆ ಹೋಗಬೇಕಾದ, ಆನ್‌ಲೈನ್‌ನಲ್ಲೇ ಪಡೆಯುವ ಇ–ವೇ ಬಿಲ್ ಬಂತು. ಆದರೂ ಬೀದರಿಗೆ ಇವತ್ತಿಗೂ ದಕ್ಷಿಣದಿಂದಲೇ ಸರಕು ಕಳುಹಿಸುವ ಕಂಪನಿಗಳಿವೆ. ಏಕೆ ಎಂದು ಕೇಳಿದರೆ ಮಾರಾಟ ವಿಭಾಗದ ಪಟ್ಟಿ ತೋರಿಸುತ್ತಾರೆ: ಬೀದರಿನ ವಿತರಕ ‘ಕರ್ನಾಟಕ ವಲಯ’ದಲ್ಲಿದ್ದಾನೆ, ಹೈದರಾಬಾದ್ ಡಿಪೋ ‘ತೆಲಂಗಾಣ ವಲಯ’ಕ್ಕೆ ಸೇರಿದೆ. ತೆರಿಗೆ ಎಳೆದಿದ್ದ ಗೆರೆಯನ್ನು ಈಗ ಮಾರಾಟದ ಗುರಿಗಳು ಹಿಡಿದು ನಿಲ್ಲಿಸಿವೆ. ಇಂತಹ ಗೆರೆಗಳನ್ನು ಹುಡುಕುವುದರಿಂದಲೇ ನಾನು ಪ್ರತಿ ಯೋಜನೆಯನ್ನು ಆರಂಭಿಸುತ್ತೇನೆ. ಇವುಗಳನ್ನು ಸರಿಪಡಿಸಲು ಹೊಸ ಕಟ್ಟಡ ಬೇಡ, ಬಾಡಿಗೆ ಕರಾರು ಬೇಡ, ಯಾರ ಕೆಲಸವನ್ನೂ ಕಿತ್ತುಕೊಳ್ಳಬೇಕಾಗಿಲ್ಲ.

ಸರ್ಕಾರದ ಪಡಿತರ ವ್ಯವಸ್ಥೆ ಇದಕ್ಕೆ ದೊಡ್ಡ ಸಾಕ್ಷಿ. 2024ರ ಡಿಸೆಂಬರ್‌ನಲ್ಲಿ, ಧಾರವಾಡದ ಸಂಸದರೂ ಆಹಾರ ಸಚಿವರೂ ಆಗಿರುವ ಪ್ರಲ್ಹಾದ ಜೋಶಿ ಅವರು ‘ಅನ್ನ ಚಕ್ರ’ ಎಂಬ ವ್ಯವಸ್ಥೆಯನ್ನು ಉದ್ಘಾಟಿಸಿದರು. ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮ ಮತ್ತು ದೆಹಲಿ ಐಐಟಿಯ ಜೊತೆಗೂಡಿ ರೂಪಿಸಿದ ಇದರಲ್ಲಿ ಸುಮಾರು 6,700 ಗೋದಾಮುಗಳು, 4.37 ಲಕ್ಷ ನ್ಯಾಯಬೆಲೆ ಅಂಗಡಿಗಳು ಲೆಕ್ಕಕ್ಕೆ ಬಂದವು. 30 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಮಾಡಿದ ಲೆಕ್ಕಾಚಾರದಿಂದ ವರ್ಷಕ್ಕೆ ಸುಮಾರು 250 ಕೋಟಿ ರೂಪಾಯಿ ಉಳಿಯುತ್ತದೆ ಎಂದು ಸರ್ಕಾರ ಹೇಳಿತು. ಆ ಲೆಕ್ಕದ ತಿರುಳು ಇಷ್ಟೇ: ಇರುವ ಗೋದಾಮುಗಳಲ್ಲಿ ಯಾವುದರಿಂದ ಯಾವ ಅಂಗಡಿಗೆ ಅಕ್ಕಿ, ಗೋಧಿ ಹೋದರೆ ಒಟ್ಟು ದಾರಿ ಕಡಿಮೆಯಾಗುತ್ತದೆ. ದೇಶದ ಪಡಿತರಕ್ಕೆ ಯೋಗ್ಯವಾದ ವಿಧಾನ ಪ್ರೆಶರ್ ಕುಕ್ಕರ್ ಮಾರುವ ಕಂಪನಿಗೂ ಯೋಗ್ಯ.

ಇನ್ನು ಯೋಜನೆ ನಡೆಸುವ ಬಗೆ. ಮೊದಲು ಪ್ರಶ್ನೆಯನ್ನು ಬರೆದಿಡಬೇಕು, ಅದಕ್ಕೆ ಕಂಪನಿಯ ಮುಖ್ಯಸ್ಥರ ಸಹಿ ಇರಬೇಕು. ‘ವೆಚ್ಚ ಇಳಿಸಿ’ ಎಂಬುದು ಪ್ರಶ್ನೆಯಾಗಲಾರದು. ‘ನೂರಕ್ಕೆ ತೊಂಬತ್ತು ಭಾಗ ಬೇಡಿಕೆ ಎರಡು ದಿನದೊಳಗೆ ತಲುಪಬೇಕು, ಆ ಷರತ್ತಿನಲ್ಲಿ ಅತಿ ಕಡಿಮೆ ವೆಚ್ಚದ ಜಾಲ ಯಾವುದು?’ ಎಂಬುದು ಪ್ರಶ್ನೆ. ಎರಡು ದಿನವೇ, ಮೂರು ದಿನವೇ ಎಂಬುದನ್ನು ಮಾರಾಟ ವಿಭಾಗ ಮತ್ತು ಹಣಕಾಸು ವಿಭಾಗ ಎದುರುಬದುರು ಕುಳಿತು ಆರಂಭದಲ್ಲೇ ತೀರ್ಮಾನಿಸಬೇಕು. ಇದನ್ನು ಮುಂದಕ್ಕೆ ಹಾಕಿದ ಯೋಜನೆಗಳು ಕೊನೆಯ ಸಭೆಯಲ್ಲಿ ಒಡೆಯುತ್ತವೆ.

ಆಮೇಲೆ ಬರುವುದು ದತ್ತಾಂಶ. ಅರ್ಧದಷ್ಟು ಸಮಯ ಇಲ್ಲೇ ಹೋಗುತ್ತದೆ, ಹೋಗಬೇಕು ಕೂಡ. ಒಂದು ವರ್ಷದ ಎಲ್ಲ ಇನ್‌ವಾಯ್ಸ್‌ಗಳನ್ನು ತೆಗೆದು, ಸರಕು ನಿಜವಾಗಿ ಇಳಿದ ಜಾಗದ ಪಿನ್‌ಕೋಡ್ ಹಾಕಬೇಕು. ‘ನಿಜವಾಗಿ ಇಳಿದ ಜಾಗ’ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬಿಲ್ ಬೆಂಗಳೂರಿನ ಪ್ರಧಾನ ಕಚೇರಿಯ ಹೆಸರಿಗೆ, ಸರಕು ರಾಯಚೂರಿಗೆ: ಇಂತಹ ಸಾಲುಗಳು ಸಾವಿರಾರು ಇರುತ್ತವೆ. ಅವನ್ನು ಹಾಗೆಯೇ ಬಿಟ್ಟರೆ ರಾಯಚೂರಿನ ಬೇಡಿಕೆಯೆಲ್ಲ ಬೆಂಗಳೂರಿನದಾಗಿ, ಲೆಕ್ಕ ಇನ್ನೊಂದು ಗೋದಾಮನ್ನು ನೆಲಮಂಗಲದಲ್ಲಿ ತೆರೆಯಲು ಹೇಳುತ್ತದೆ. ಪ್ರತಿ ಅಂಗಡಿಯನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳುವ ಅಗತ್ಯವಿಲ್ಲ. ಪಿನ್‌ಕೋಡಿನ ಮೊದಲ ಮೂರು ಅಂಕಿಗಳ ಪ್ರಕಾರ ಗುಂಪು ಮಾಡಿದರೆ ಹೆಚ್ಚಿನ ಕಡೆ ಸಾಕು. ಆದರೆ 585ರಲ್ಲಿ ಕಲಬುರಗಿಯೂ ಇದೆ, ಬೀದರೂ ಇದೆ. ಅಂತಹ ಹರಡಿದ ಪ್ರದೇಶವನ್ನು ಒಡೆದೇ ನೋಡಬೇಕು.

ಉತ್ಪನ್ನಗಳನ್ನು ಗುಂಪು ಮಾಡುವಾಗ ಬ್ರ್ಯಾಂಡ್ ನೋಡಬೇಡಿ, ಅವು ಲಾರಿಯಲ್ಲಿ ಹೇಗೆ ಕೂರುತ್ತವೆ ಎಂದು ನೋಡಿ. ಹಾಸಿಗೆ ತುಂಬಿದ ಲಾರಿ ತೂಕ ಮುಟ್ಟುವ ಮೊದಲೇ ತುಂಬಿಹೋಗುತ್ತದೆ. ಟೈಲ್ಸ್ ಹಾಕಿದ ಲಾರಿ ಅರ್ಧ ಖಾಲಿ ಕಂಡರೂ ತೂಕದ ಮಿತಿ ಮುಟ್ಟಿರುತ್ತದೆ. ಆ ಮಿತಿಯೂ ಬದಲಾಗಿದೆ: 2018ರ ಜುಲೈನಲ್ಲಿ ಮೂರು ಅಚ್ಚಿನ ಲಾರಿಯ ಒಟ್ಟು ತೂಕದ ಮಿತಿಯನ್ನು 25ರಿಂದ 28.5 ಟನ್‌ಗೆ ಏರಿಸಲಾಯಿತು. ಅದಕ್ಕೂ ಹಿಂದಿನ ದರಪಟ್ಟಿ ಇಟ್ಟುಕೊಂಡು ಲೆಕ್ಕ ಹಾಕುವವರು ಈಗಲೂ ಇದ್ದಾರೆ.

ಸಾಗಣೆ ದರ ದೂರಕ್ಕೆ ತಕ್ಕಂತೆ ಏರುತ್ತದೆ ಎಂಬ ನಂಬಿಕೆಯನ್ನೂ ಬಿಡಬೇಕು. ಹೋಗುವ ದರವೇ ಬರುವ ದರವಲ್ಲ. ವಾಪಸು ಬಾಡಿಗೆ ಸಿಗದ ಊರಿಗೆ ಲಾರಿ ಮಾಲೀಕ ಎರಡೂ ದಾರಿಯ ಖರ್ಚನ್ನು ನಿಮ್ಮಿಂದಲೇ ಕೇಳುತ್ತಾನೆ. ಕಾರ್ಖಾನೆಯಿಂದ ಡಿಪೋಗೆ ಹೋಗುವುದು ತುಂಬಿದ ಲಾರಿ. ಡಿಪೋದಿಂದ ಅಂಗಡಿಗೆ ಹೋಗುವುದು ಹತ್ತಿಪ್ಪತ್ತು ಪೆಟ್ಟಿಗೆಗಳ ಬಿಡಿ ಸರಕು, ಅದರ ಕಿಲೋ ದರ ಬಹಳ ಹೆಚ್ಚು. ಡಿಪೋ ಮುಚ್ಚಿದರೆ ಬಾಡಿಗೆ ಉಳಿಯುತ್ತದೆ, ಆದರೆ ದುಬಾರಿಯಾದ ಈ ಎರಡನೆಯ ಸಾಗಣೆ ಉದ್ದವಾಗುತ್ತದೆ. ಜಾಲದ ಲೆಕ್ಕದ ಜೀವಾಳವೇ ಈ ಎಳೆದಾಟ.

ದೂರವನ್ನು ನಕ್ಷೆಯ ಮೇಲೆ ನೇರ ಗೆರೆ ಎಳೆದು ಅಳೆಯುವುದು ಪಶ್ಚಿಮ ಘಟ್ಟದ ಹತ್ತಿರ ಸಲ್ಲದು. ಸಕಲೇಶಪುರದಿಂದ ಕರಾವಳಿಗೆ ಇಳಿಯುವ ಶಿರಾಡಿ ಘಾಟಿಯಲ್ಲಿ ಮಳೆಗಾಲದಲ್ಲಿ ಮಣ್ಣು ಕುಸಿದು ಸಂಚಾರ ನಿಲ್ಲುವುದುಂಟು. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಕಾಡಿನ ಪ್ರಾಣಿಗಳಿಗಾಗಿ ಅದು ಇರಬೇಕಾದದ್ದೇ ಎಂದು ನಾನು ನಂಬುತ್ತೇನೆ. ಮೈಸೂರಿನಿಂದ ವಯನಾಡಿಗೆ ಸರಕು ಕಳುಹಿಸುವವರು ಸಂಜೆ ಲಾರಿ ಬಿಟ್ಟರೆ ಒಂದು ದಿನ ಕಳೆದುಕೊಂಡಂತೆಯೇ. ಈ ಒಂಬತ್ತು ಗಂಟೆಗಳನ್ನು ಸಾಫ್ಟ್‌ವೇರ್ ತಾನಾಗಿ ತಿಳಿಯುವುದಿಲ್ಲ, ನೀವು ಹೇಳಿಕೊಡಬೇಕು. ಹೇಳಿಕೊಡಬೇಕಾದರೆ ಚಾಲಕರ ಜೊತೆ ಮಾತನಾಡಿರಬೇಕು.

ದತ್ತಾಂಶ ಸಿದ್ಧವಾದ ಮೇಲೆ ಯಾವ ಸುಧಾರಣೆಗೂ ಕೈ ಹಾಕದೆ, ಕಳೆದ ವರ್ಷ ನಡೆದದ್ದನ್ನೇ ಮಾದರಿಯಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಕಟ್ಟಿದ ಜಾಲದ ಪ್ರತಿರೂಪದಲ್ಲಿ, ಮತ್ತೊಮ್ಮೆ ನಡೆಸಬೇಕು. ಯಾವ ಡಿಪೋದಿಂದ ಯಾವ ಊರಿಗೆ ಎಷ್ಟು ಹೋಗಿತ್ತೋ ಅಷ್ಟನ್ನೇ ಕಳುಹಿಸಿ, ಬಂದ ವೆಚ್ಚವನ್ನು ಲೆಕ್ಕಪತ್ರ ವಿಭಾಗದ ಅಂಕಿಗಳ ಪಕ್ಕದಲ್ಲಿಡಬೇಕು. ವ್ಯತ್ಯಾಸ ನೂರಕ್ಕೆ ಐದರೊಳಗೆ ಬರುವವರೆಗೆ ನಾನು ಮುಂದಕ್ಕೆ ಹೋಗುವುದಿಲ್ಲ. ಬೇಸರದ ಕೆಲಸ, ನಿಜ. ಆದರೆ ‘ಇದು ನಮ್ಮದೇ ಕಂಪನಿ’ ಎಂದು ಹಣಕಾಸು ವಿಭಾಗ ಒಪ್ಪುವುದು ಈ ಹಂತದಲ್ಲಿ. ಇಲ್ಲಿ ಒಪ್ಪದವರು ಮುಂದೆ ತೋರಿಸುವ ಯಾವ ಉಳಿತಾಯವನ್ನೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಗಣಿತದ ಭಾಗ ಕೇಳುವವರಿಗೆ ನಿಗೂಢವಾಗಿ ಕಾಣುತ್ತದೆ, ಮಾಡುವವರಿಗೆ ಎಲ್ಲಕ್ಕಿಂತ ಚಿಕ್ಕದು. 30 ಸಂಭವನೀಯ ಸ್ಥಳಗಳಿದ್ದರೆ ತೆರೆಯುವುದು–ಬಿಡುವುದು ಎಂಬ ಆಯ್ಕೆಗಳು 107 ಕೋಟಿಗೂ ಹೆಚ್ಚು. ಒಂದೊಂದನ್ನೂ ಪರೀಕ್ಷಿಸದೆ ನಿಷ್ಪ್ರಯೋಜಕ ಕವಲುಗಳನ್ನು ಕತ್ತರಿಸುತ್ತ ಹೋಗುವ ವಿಧಾನವನ್ನು ಐಲ್ಸಾ ಲ್ಯಾಂಡ್ ಮತ್ತು ಆಲಿಸನ್ ಡಾಯ್ಗ್ ಎಂಬ ಇಬ್ಬರು ಮಹಿಳೆಯರು 1960ರಲ್ಲಿ ಪ್ರಕಟಿಸಿದರು. ಅದಕ್ಕೆ ಆಧಾರವಾದ ಸಿಂಪ್ಲೆಕ್ಸ್ ವಿಧಾನ ಜಾರ್ಜ್ ಡಾಂಟ್‌ಜಿಗ್ 1947ರಲ್ಲಿ ಕಂಡುಕೊಂಡದ್ದು. ಇಂತಹ ಲೆಕ್ಕ ಬಿಡಿಸುವ ತಂತ್ರಾಂಶಕ್ಕೆ ಸಾಲ್ವರ್ ಎನ್ನುತ್ತಾರೆ. ಎಕ್ಸೆಲ್ ಜೊತೆ ಬರುವ ಸಾಲ್ವರ್ 200 ಚರಗಳಿಗೆ, ಅಂದರೆ ಕಂಡುಹಿಡಿಯಬೇಕಾದ 200 ಸಂಖ್ಯೆಗಳಿಗೆ ನಿಲ್ಲುತ್ತದೆ. ಹೈಗ್ಸ್, ಸಿಬಿಸಿಯಂತಹ ಉಚಿತ ಸಾಲ್ವರ್‌ಗಳು ಅದಕ್ಕಿಂತ ಎಷ್ಟೋ ದೊಡ್ಡ ಲೆಕ್ಕಗಳನ್ನು ಬಿಡಿಸುತ್ತವೆ. ಸಾಫ್ಟ್‌ವೇರ್ ದುಬಾರಿ ಎಂದು ಯೋಜನೆ ಕೈಬಿಡುವ ಮಧ್ಯಮ ಗಾತ್ರದ ಕಂಪನಿಗಳಿಗೆ ಇದು ಗೊತ್ತಿರಬೇಕು.

ಈಗ ಸಂಖ್ಯೆಯ ವಿಷಯ. ಗೋದಾಮುಗಳನ್ನು ಒಂದರಿಂದ ಹದಿನೈದರವರೆಗೆ ಏರಿಸುತ್ತ ಹೋಗಿ, ಪ್ರತಿ ಸಂಖ್ಯೆಗೂ ಅತಿ ಕಡಿಮೆ ವೆಚ್ಚವನ್ನು ಗುರುತು ಹಾಕಿದರೆ ಒಂದು ರೇಖೆ ಸಿಗುತ್ತದೆ. ಮೊದಲು ಕಡಿದಾಗಿ ಇಳಿಯುತ್ತದೆ, ಕೊನೆಗೆ ನಿಧಾನವಾಗಿ ಏರುತ್ತದೆ, ನಡುವೆ ಊಟದ ತಟ್ಟೆಯ ಹಾಗೆ ಚಪ್ಪಟೆಯಾಗಿರುತ್ತದೆ. ಆ ಚಪ್ಪಟೆ ಭಾಗದಲ್ಲಿ ಐದು ಗೋದಾಮಿಗೂ ಏಳು ಗೋದಾಮಿಗೂ ಇರುವ ವ್ಯತ್ಯಾಸ ಹಲವು ಬಾರಿ ದತ್ತಾಂಶದ ದೋಷಕ್ಕಿಂತ ಕಡಿಮೆ. ಆದ್ದರಿಂದಲೇ ‘ಒಂದು ಸಂಖ್ಯೆ ಹೇಳಿ’ ಎಂದವರಿಗೆ ನಾನು ಆ ರೇಖೆಯನ್ನು ತೋರಿಸುತ್ತೇನೆ. ಅದರೊಳಗೆ ಯಾವುದನ್ನು ಆರಿಸಬೇಕು ಎಂಬುದನ್ನು ಅಂಗಡಿಯವನಿಗೆ ಸಿಗುವ ಸೇವೆ, ಆಪತ್ತಿನಲ್ಲಿ ಜಾಲ ತಡೆದುಕೊಳ್ಳುವ ಶಕ್ತಿ ಮತ್ತು ಅಲ್ಲಿ ದುಡಿಯುವ ಜನರನ್ನು ನೋಡಿ ನಿರ್ಧರಿಸಬೇಕು.

ದಾಸ್ತಾನಿನ ಬಗ್ಗೆ ಒಂದು ಎಚ್ಚರಿಕೆ. ವರ್ಗಮೂಲದ ಸೂತ್ರ ಎಂದು ಒಂದಿದೆ: 16 ಕಡೆ ಇಟ್ಟಿದ್ದ ಮುಂಜಾಗ್ರತೆಯ ದಾಸ್ತಾನನ್ನು 4 ಕಡೆಗೆ ಸೇರಿಸಿದರೆ ಅದು ಅರ್ಧಕ್ಕೆ ಇಳಿಯುತ್ತದೆ (16ರ ವರ್ಗಮೂಲ 4, 4ರ ವರ್ಗಮೂಲ 2). ಒಂದು ಊರಿನ ಬೇಡಿಕೆ ಏರಿದಾಗ ಇನ್ನೊಂದರದ್ದು ಇಳಿಯಬಹುದು ಎಂಬ ಲೆಕ್ಕ ಅದರ ಹಿಂದಿದೆ. ದಸರಾ–ದೀಪಾವಳಿಯ ಹೊತ್ತಿಗೆ ಎಲ್ಲ ಊರುಗಳ ಬೇಡಿಕೆಯೂ ಒಟ್ಟಿಗೆ ಏರುತ್ತದೆ, ಆಗ ಸೂತ್ರ ಕೈಕೊಡುತ್ತದೆ. ನಮ್ಮಲ್ಲಿ ತಿಂಗಳ ಮಾರಾಟದ ದೊಡ್ಡ ಪಾಲು ಕೊನೆಯ ವಾರದಲ್ಲಿ ಆಗುವುದರಿಂದ, ವರ್ಷದ ಸರಾಸರಿಗೆ ಸರಿಹೊಂದುವ ಗೋದಾಮು 28ನೆಯ ತಾರೀಖಿನಂದು ಸಾಲುವುದಿಲ್ಲ. ಜಿಎಸ್‌ಟಿಯಲ್ಲಿ ಬೇರೆ ರಾಜ್ಯದ ಸ್ವಂತ ಶಾಖೆಗೆ ಸರಕು ಸಾಗಿಸಿದರೂ ತೆರಿಗೆ ಕಟ್ಟಿ, ಅದನ್ನು ಸರಕು ಮಾರಿದ ಮೇಲೆ ಹೊಂದಿಸಿಕೊಳ್ಳಬೇಕು. ಆ ದಿನಗಳವರೆಗೆ ಸಿಕ್ಕಿಕೊಳ್ಳುವ ಹಣದ ಬಡ್ಡಿಯೂ ಲೆಕ್ಕಕ್ಕೆ ಬರಬೇಕು.

ಆರಿಸಿದ ಜಾಲವನ್ನು ಬಳಿಕ ಹಿಂಡಿ ನೋಡಬೇಕು. ಡೀಸೆಲ್ ದುಬಾರಿಯಾದರೆ? ಚೆನ್ನೈ ಗೋದಾಮು ಒಂದು ವಾರ ನೀರಿನಲ್ಲಿ ನಿಂತರೆ? 2015ರ ಪ್ರವಾಹ, 2023ರ ಡಿಸೆಂಬರ್‌ನ ಮಿಚಾಂಗ್ ಚಂಡಮಾರುತ ನೋಡಿದವರು ಇದನ್ನು ಊಹೆ ಎನ್ನಲಾರರು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಪ್ರಾಣ ಕಳೆದುಕೊಂಡರು, ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋಯಿತು. ಮೃತರಲ್ಲಿ ಸರಕು ಹೊತ್ತು ಹೊರಟಿದ್ದ ಲಾರಿ ಚಾಲಕರೂ ಇದ್ದರು. ‘ಹೇಗಾದರೂ ಇವತ್ತೇ ತಲುಪಿಸಿ’ ಎಂದು ಚಾಲಕನನ್ನು ಒತ್ತಾಯಿಸಬೇಕಾದ ಜಾಲ ಕಾಗದದ ಮೇಲೆ ಎಷ್ಟೇ ಅಗ್ಗವಾಗಿದ್ದರೂ ನನಗೆ ಬೇಡ.

ಜಾರಿಗೆ ತರುವಾಗ ಗಡಿಯಾಚೆಯ ಹಂಚಿಕೆಯಿಂದ ಆರಂಭಿಸಿ. ಬೀದರ್, ಕಲಬುರಗಿಗಳನ್ನು ಹೈದರಾಬಾದಿಗೆ ಜೋಡಿಸುವ ಮೊದಲು ಮಾರಾಟಗಾರನ ಗುರಿ, ಪ್ರೋತ್ಸಾಹಧನ ಯಾವ ವಲಯದಲ್ಲಿ ಉಳಿಯುತ್ತವೆ ಎಂಬುದನ್ನು ಲಿಖಿತವಾಗಿ ಇತ್ಯರ್ಥ ಮಾಡಿ. ಔಷಧದಂತಹ ಸರಕಾದರೆ ಪರವಾನಗಿಯ ನಿಯಮಗಳನ್ನು ಮೊದಲೇ ಪರಿಶೀಲಿಸಿ. ಡಿಪೋ ಮುಚ್ಚಲೇಬೇಕಾದರೆ ಹಬ್ಬದ ಕಾಲ ಮುಗಿದ ಮೇಲೆ ಮುಚ್ಚಿ. ಅಲ್ಲಿನ ಏಜೆಂಟರಿಗೆ, ಹಮಾಲರಿಗೆ ಸುದ್ದಿ ಗಾಳಿಮಾತಿನಿಂದ ತಲುಪುವ ಮುನ್ನ ನೀವೇ ಹೋಗಿ ಹೇಳಿ, ಅವರ ಬಾಕಿಯನ್ನು ಆ ದಿನವೇ ತೀರಿಸಿ. ಈ ವೆಚ್ಚವನ್ನು ಯೋಜನೆಯ ಖರ್ಚಿನಲ್ಲಿ ಮೊದಲೇ ಸೇರಿಸಿರಬೇಕು. ಅದನ್ನು ಸೇರಿಸಿದಾಗ ಮಾಯವಾಗುವ ಉಳಿತಾಯ ಮೊದಲಿನಿಂದಲೂ ಇರಲಿಲ್ಲ.

ಹೊರಗಿನವರನ್ನು ಕರೆಸಿ ಕೆಲಸ ಮಾಡಿಸಿದರೆ ವರದಿಯ ಜೊತೆಗೆ ಮಾದರಿಯ ಕಡತವನ್ನೂ, ಶುದ್ಧಗೊಳಿಸಿದ ದತ್ತಾಂಶವನ್ನೂ ಕೇಳಿ ಪಡೆಯಿರಿ. ನಿಮ್ಮವರಲ್ಲಿ ಇಬ್ಬರಾದರೂ ಅದನ್ನು ಸ್ವತಃ ನಡೆಸಲು ಕಲಿಯಲಿ. ಹೊಸ ಹೆದ್ದಾರಿ ತೆರೆದಾಗ, ದೊಡ್ಡ ಗ್ರಾಹಕ ಬಂದಾಗ ಅಥವಾ ಬಾಡಿಗೆ ಕರಾರು ಮುಗಿಯಲು ಆರು ತಿಂಗಳಿದ್ದಾಗ ಅವರು ಮತ್ತೆ ಲೆಕ್ಕ ಹಾಕಲಿ. ಆಗ ನೀವು ನನ್ನನ್ನು ಕೇಳಬೇಕಾಗುವುದಿಲ್ಲ.