ಸ್ಟಾರ್ ಫೆರಿಯ ಹಳೆಯ ದೋಣಿಕಟ್ಟೆ

ಹಾಂಗ್‌ಕಾಂಗ್‌ನ ಎಡಿನ್‌ಬರೋ ಪ್ಲೇಸ್‌ನಲ್ಲಿದ್ದ, ಸ್ಟಾರ್ ಫೆರಿ ಎಂಬ ಪ್ರಯಾಣಿಕರ ದೋಣಿ ಸೇವೆಯ ಕಟ್ಟೆಯ ಇತಿಹಾಸವನ್ನು ಓದಿದಾಗಿನಿಂದ, ಯಾದಗಿರಿಯಲ್ಲಿ ಭೀಮೆಯ ಸೇತುವೆ ದಾಟುವಾಗಲೆಲ್ಲ ಅದೇ ಯೋಚನೆ ಬರುತ್ತಿದೆ. 1957ರಲ್ಲಿ ಕಟ್ಟಿದ ಆ ಕಟ್ಟೆಗೆ ಗಡಿಯಾರದ ಗೋಪುರವಿತ್ತು; ಅದರ ನಾದ ಕೇಳಿಯೇ ಜನ ದೋಣಿ ಹಿಡಿಯಲು ಹೆಜ್ಜೆ ಚುರುಕುಗೊಳಿಸುತ್ತಿದ್ದಿರಬೇಕು. ಮೊದಲ ದರ್ಜೆಯ ದರವನ್ನು 20 ಸೆಂಟ್‌ನಿಂದ 25ಕ್ಕೆ ಏರಿಸುವುದನ್ನು ವಿರೋಧಿಸಿ, 1966ರ ಏಪ್ರಿಲ್‌ನಲ್ಲಿ ಸೋ ಸೌ-ಚುಂಗ್ ಎಂಬ ಯುವಕ ಅಲ್ಲಿಯೇ ಉಪವಾಸ ಕುಳಿತ. ಅವನ ಬಂಧನದ ಬೆನ್ನಿಗೆ ಊರೇ ಹೊತ್ತಿಕೊಂಡಿತು. ಬರೀ ಐದು ಸೆಂಟ್ ಎನ್ನಬಹುದು, ಆದರೆ ದಿನವೂ ನೀರು ದಾಟಿ ದುಡಿಯಲು ಹೋಗುವವರಿಗೆ ಅದರ ಭಾರ ಗೊತ್ತು.

ಸಮುದ್ರ ತುಂಬಿಸಿ ರಸ್ತೆ ಮಾಡುವ ಯೋಜನೆಗಾಗಿ 2006ರ ನವೆಂಬರ್ 11ರಂದು ಕಟ್ಟೆಯನ್ನು ಮುಚ್ಚಿ, ಪ್ರತಿಭಟನೆಗಳ ನಡುವೆಯೇ ಡಿಸೆಂಬರ್‌ನಲ್ಲಿ ಗೋಪುರವನ್ನೂ ಕೆಡವಿದರು. ದೋಣಿಗಳು ಈಗಲೂ ಹೊಸ ಕಟ್ಟೆಯಿಂದ ಓಡುತ್ತವೆ.

ನಮ್ಮ ಜಿಲ್ಲೆಯ ನೀಲಕಂಠರಾಯನಗಡ್ಡಿಯವರು ಬಹುಕಾಲ ಹರಿಗೋಲನ್ನೇ ನಂಬಿ ಕೃಷ್ಣೆಯನ್ನು ದಾಟಿದರು. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟರೆ ನಡುಗಡ್ಡೆಯಲ್ಲೇ ಉಳಿಯುತ್ತಿದ್ದರು. ಬಿದಿರು ಹೆಣೆದು, ಅಡಿಗೆ ಡಾಂಬರು ಬಳಿದ ಹರಿಗೋಲಿಗೆ ಕಲ್ಲಿನ ಕಟ್ಟೆ ಬೇಕಿರಲಿಲ್ಲ, ದಡದ ಒಂದು ಬಂಡೆ ಸಾಕಿತ್ತು. ಕೆಡವಲು ಏನೂ ಇಲ್ಲದ ಇಂಥ ದಡಗಳ ಬಗ್ಗೆ ಪ್ರತಿಭಟಿಸುವವರೂ ಇಲ್ಲ, ಬರೆದಿಟ್ಟವರೂ ವಿರಳ. ಕೃಷ್ಣೆ, ಭೀಮೆಯ ದಡದಲ್ಲಿ ಹುಟ್ಟು ಹಾಕಿದ ಹಿರಿಯ ಅಂಬಿಗರು ನಿಮ್ಮೂರಿನಲ್ಲಿದ್ದರೆ ದಯವಿಟ್ಟು ತಿಳಿಸಿ, ಬಂದು ಅವರ ಮಾತುಗಳನ್ನು ಬರೆದುಕೊಳ್ಳುತ್ತೇನೆ.