ಅಜ್ಜಿ, ಚುಕ್ಕಿ ಎಲ್ಲಿ?

ಕಳೆದ ವಾರ ಇಲ್ಲಿ ಟೊರಾಂಟೊದಲ್ಲಿ ಪಕ್ಕದ ಮನೆಯ ಏಳು ವರ್ಷದ ಹುಡುಗಿ ಬೆಂಗಳೂರಿನ ಅಜ್ಜಿಯ ಜೊತೆ ವಿಡಿಯೊ ಕಾಲ್‌ನಲ್ಲಿದ್ದಳು. ಅಜ್ಜಿ ಸರ್ಜಾಪುರ ರಸ್ತೆಯ ಹೊಸ ಫ್ಲ್ಯಾಟ್ ತೋರಿಸುತ್ತಿದ್ದರು. ಮೂರನೇ ಮಹಡಿ, ಬಾಲ್ಕನಿಗೆ ಗಾಜಿನ ಕಟಕಟೆ, ಹಿಂದೆ ಆಳೆತ್ತರದ ಗಾಜಿನ ಬಾಗಿಲು, ಎದುರಿಗೆ ಹೊಂಗೆ ಮರ.

"ಅಜ್ಜಿ, ಚುಕ್ಕಿ ಎಲ್ಲಿ?"

"ರಂಗೋಲಿನಾ? ಬಾಗಿಲ ಮುಂದೆ ಹಾಕಿದೀನಲ್ಲ ಪುಟ್ಟಿ."

"ಅದಲ್ಲ, ಗಾಜಿನ ಮೇಲಿಂದು. ಅಲ್ಲಿ ಹಕ್ಕಿಗೆ ಗಾಜು ಕಾಣ್ಸುತ್ತಾ?"

ಅವಳ ಶಾಲೆಯ ಕಿಟಕಿಗಳಲ್ಲಿ ಹಕ್ಕಿಗಳು ಬಂದು ಬಡಿಯದಿರಲೆಂದು ಒತ್ತೊತ್ತಾಗಿ ಬಿಳಿ ಚುಕ್ಕಿಗಳಿವೆ. ಗಾಜೆಂದರೆ ಹಾಗೇ ಇರುತ್ತದೆ ಎಂದುಕೊಂಡಿದ್ದಾಳೆ. ಈ ಊರಲ್ಲಿ ಫ್ಲ್ಯಾಪ್ ಎಂಬ ಸಂಸ್ಥೆಯವರು 1993ರಿಂದ ಗಾಜಿಗೆ ಬಡಿದು ಕಟ್ಟಡಗಳ ಬುಡದಲ್ಲಿ ಬಿದ್ದ ಹಕ್ಕಿಗಳನ್ನು ಎತ್ತಿ ಎಣಿಸುತ್ತಿದ್ದಾರೆ. ವರ್ಷಕ್ಕೊಮ್ಮೆ ಆ ಸತ್ತ ಹಕ್ಕಿಗಳನ್ನೆಲ್ಲ ರಾಯಲ್ ಒಂಟಾರಿಯೊ ಮ್ಯೂಸಿಯಂನ ನೆಲದ ಮೇಲೆ ಜಾತಿವಾರು ಜೋಡಿಸಿಡುತ್ತಾರೆ. ಅದೂ ಒಂದು ರಂಗೋಲಿಯೇ. ನೋಡಿ ಬಂದವರಿಗೆ ಅನ್ನ ಇಳಿಯುವುದಿಲ್ಲ. ಬರೀ ಅಮೆರಿಕದಲ್ಲೇ ಗಾಜಿಗೆ ಬಡಿದು ಸಾಯುವ ಹಕ್ಕಿಗಳು ವರ್ಷಕ್ಕೆ ಸುಮಾರು 36 ಕೋಟಿಯಿಂದ 99 ಕೋಟಿ ಎಂದು 2014ರ ಅಂದಾಜು. ಬೆಂಗಳೂರಿನ ಗಾಜಿನ ಟೆಕ್ ಪಾರ್ಕುಗಳ ಕೆಳಗೆ ಬೆಳಿಗ್ಗೆ ಕಸ ಗುಡಿಸುವವರಿಗೆ ಸಿಗುವುದನ್ನು ಯಾರು ಎಣಿಸುತ್ತಾರೆ? ಮಾರ್ಚ್ 20ಕ್ಕೆ ಗುಬ್ಬಚ್ಚಿ ಗೂಡು ಹಂಚುತ್ತೇವೆ, ಬೇಸಿಗೆಯಲ್ಲಿ ತಾರಸಿಯ ಮೇಲೆ ನೀರಿಡುತ್ತೇವೆ. ಅಷ್ಟು ಅಕ್ಕರೆ ಇರುವ ಊರಿಗೆ ಗಾಜು ಮಾತ್ರ ಕಣ್ಣಿಗೆ ಬಿದ್ದಿಲ್ಲ.

ಹಕ್ಕಿಗೆ ಗಾಜು ಗೋಡೆಯಲ್ಲ. ಅದರಲ್ಲಿ ಕಾಣುವ ಹೊಂಗೆ ಮರ ನಿಜವಾದ ಮರ, ಅದರಲ್ಲಿನ ಆಕಾಶ ನಿಜವಾದ ಆಕಾಶ. ಕಟಕಟೆಯಂಥ ಪಾರದರ್ಶಕ ಗಾಜಾದರೆ ಆಚೆಗಿನ ದಾರಿಯೇ ಕಾಣುತ್ತದೆ. ಹಾಗಾಗಿ ಮರದೆತ್ತರದ ಮಹಡಿಗಳಲ್ಲೇ ಡಿಕ್ಕಿ ಜಾಸ್ತಿ. ಸೆಪ್ಟೆಂಬರ್ ಕಳೆಯುತ್ತಿದ್ದಂತೆ ಉತ್ತರದ ಕಾಡುಗಳಿಂದ ರಾತ್ರಿ ಹಾರಿಕೊಂಡು ನವರಂಗ ಹಕ್ಕಿ ದಕ್ಷಿಣಕ್ಕೆ ಬರುತ್ತದೆ. ಬೆಂಗಳೂರಿನ ಎಷ್ಟೋ ಜನ ಅದನ್ನು ಮೊದಲ ಸಲ ನೋಡುವುದು ಬಾಲ್ಕನಿಯಲ್ಲಿ ತತ್ತರಿಸಿ ಕುಳಿತಾಗಲೇ.

ಮದ್ದು ಅಜ್ಜಿಯ ಕೈಯಲ್ಲೇ ಇದೆ. ಚುಕ್ಕಿ ಚುಕ್ಕಿಗೆ 5 ಸೆಂ.ಮೀ. ಅಂತರ, ಅಡ್ಡಕ್ಕೂ ಉದ್ದಕ್ಕೂ. ಚುಕ್ಕಿಯ ಅಗಲ 6 ಮಿ.ಮೀ.ಗೆ ಕಡಿಮೆಯಾಗಬಾರದು. ಅಂತರ ಅದಕ್ಕಿಂತ ಹೆಚ್ಚಾದರೆ ಸಣ್ಣ ಹಕ್ಕಿಗಳು ನಡುವೆ ತೂರಬಹುದೆಂದು ನುಗ್ಗುತ್ತವೆ. 120 ಸೆಂ.ಮೀ. ಎತ್ತರ, 90 ಸೆಂ.ಮೀ. ಅಗಲದ ಸ್ಲೈಡಿಂಗ್ ಗಾಜಿಗೆ ಅಂಚಿನಿಂದ ಎರಡೂವರೆ ಸೆಂ.ಮೀ. ಬಿಟ್ಟು ಶುರುಮಾಡಿದರೆ 24 ಸಾಲು, ಸಾಲಿಗೆ 18, ಒಟ್ಟು 432 ಚುಕ್ಕಿ. ಒಂದು ಮಧ್ಯಾಹ್ನದ ಕೆಲಸ. ಸೋಪಿನ ನೀರಲ್ಲಿ ಒರೆಸಿ, ಆಮೇಲೆ ಸ್ಪಿರಿಟ್ ಬಟ್ಟೆ ಆಡಿಸಿ ಒಣಗಿಸಿ. ಜಿಡ್ಡಿನ ಮೇಲೆ ಬಣ್ಣ ಕೂರುವುದಿಲ್ಲ. ಚೌಕ ಹಾಕಿದ ಕಾಗದವನ್ನು ಒಳಗಡೆಯಿಂದ ಅಂಟಿಸಿ, ಅದನ್ನು ನೋಡಿಕೊಂಡು ಹೊರಗಡೆಯಿಂದ ಎಣ್ಣೆ ಬಣ್ಣದ ಬಿಳಿ ಪೇಂಟ್ ಮಾರ್ಕರ್‌ನಲ್ಲಿ ಚುಕ್ಕಿ ಇಡಿ. ಪೋಸ್ಟರ್ ಕಲರ್ ಬೇಡ, ಮೊದಲ ಮಳೆಗೇ ಹರಿದುಹೋಗುತ್ತದೆ.

ಎಲ್ಲರೂ ಎಡವುವುದು ಒಂದೇ ಕಡೆ: ಚುಕ್ಕಿಯನ್ನು ಒಳಗಡೆ ಇಡುತ್ತಾರೆ. ಪ್ರತಿಬಿಂಬ ಮೂಡುವುದು ಹೊರಮೈಯಲ್ಲಿ, ಒಳಗಿನ ಚುಕ್ಕಿ ಅದರ ಹಿಂದೆ ಅಡಗಿಬಿಡುತ್ತದೆ. ಹದ್ದಿನ ಆಕಾರದ ಸ್ಟಿಕ್ಕರ್ ಒಂದನ್ನು ನಡುವೆ ಅಂಟಿಸುವುದು ಇನ್ನೊಂದು ಚಾಳಿ. ಹಕ್ಕಿ ಆ ಸ್ಟಿಕ್ಕರನ್ನಷ್ಟೇ ಬಿಟ್ಟು ಪಕ್ಕದಲ್ಲಿ ಬಡಿಯುತ್ತದೆ.

ಚುಕ್ಕಿ ಇಡುವ ತಾಳ್ಮೆ ಇಲ್ಲದವರು 3 ಮಿ.ಮೀ. ದಪ್ಪದ ಹುರಿಗಳನ್ನು 10 ಸೆಂ.ಮೀ.ಗೊಂದರಂತೆ ಗಾಜಿನ ಹೊರಗೆ ಮೇಲಿನಿಂದ ಇಳಿಬಿಡಬಹುದು. ಗಾಜಿನ ಹೊರಬದಿಗೇ ಸೊಳ್ಳೆಪರದೆ ಇದ್ದರೆ ಏನೂ ಬೇಡ. ಹೊರಗಿನಿಂದ ಕೈಗೆಟುಕದ ಕಿಟಕಿಗೆ ಬಾಗಿ ಸಾಹಸ ಮಾಡಬೇಡಿ, ಸ್ಲೈಡಿಂಗ್ ಗಾಜನ್ನು ಕಳಚಿ ಒಳಗೆ ತಂದು ಮಾಡಿ. ನೀರಿನ ಬಟ್ಟಲು ಗಾಜಿನಿಂದ ಒಂದು ಮೀಟರಿನ ಒಳಗಿರಲಿ, ಇಲ್ಲವೇ ಹತ್ತು ಮೀಟರ್ ಆಚೆ. ಹತ್ತಿರದಿಂದ ಹಾರಿದರೆ ಪ್ರಾಣ ಹೋಗುವಷ್ಟು ವೇಗ ಬರುವುದಿಲ್ಲ. ನಡುವಿನ ದೂರವೇ ಅಪಾಯ.

ಇಷ್ಟರಿಂದ ಏನಾದೀತು ಅನ್ನುವವರು ಷಿಕಾಗೊ ನೋಡಬೇಕು. ಅಲ್ಲಿನ ಮೆಕಾರ್ಮಿಕ್ ಪ್ಲೇಸ್ ಎಂಬ ಸಮ್ಮೇಳನ ಭವನಕ್ಕೆ 2023ರ ಅಕ್ಟೋಬರ್ 5ರಂದು ಒಂದೇ ದಿನ ಬಡಿದು ಸತ್ತ ಹಕ್ಕಿಗಳು ಸಾವಿರದ ಹತ್ತಿರ. ಮುಂದಿನ ಬೇಸಿಗೆಯಲ್ಲಿ ಗಾಜಿಗೆಲ್ಲ ಚುಕ್ಕಿಯ ಹಾಳೆ ಅಂಟಿಸಿದರು. ಸಾವು ಸುಮಾರು ಶೇ. 95ರಷ್ಟು ಇಳಿಯಿತು. ಟೊರಾಂಟೊದಲ್ಲಂತೂ 2010ರಿಂದಲೇ ಹೊಸ ಕಟ್ಟಡಗಳ ನಿಯಮದಲ್ಲಿ ಇದು ಸೇರಿದೆ. ನಮ್ಮಲ್ಲಿ ಪ್ಲಾನ್ ಮಂಜೂರಾಗುವಾಗ ಪಾರ್ಕಿಂಗ್ ಕೇಳುತ್ತಾರೆ, ಮಳೆನೀರು ಕೊಯ್ಲು ಕೇಳುತ್ತಾರೆ. ಆ ಪಟ್ಟಿಗೆ ಇನ್ನೊಂದು ಸಾಲು ಸೇರಿಸಿದರೆ ಬಿಲ್ಡರ್ ಬಡವಾಗುವುದಿಲ್ಲ.

ಬಡಿದು ಬಿದ್ದ ಹಕ್ಕಿಯ ಬಾಯಿಗೆ ದಯವಿಟ್ಟು ನೀರು ಬಿಡಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಬಟ್ಟೆ ಹಾಸಿ, ಅದರೊಳಗಿಟ್ಟು ಮುಚ್ಚಿ. ಕತ್ತಲು, ನಿಶ್ಶಬ್ದ, ಒಂದೆರಡು ಗಂಟೆ. ಮಕ್ಕಳು ಹತ್ತು ನಿಮಿಷಕ್ಕೊಮ್ಮೆ ತೆರೆದು ನೋಡದಂತೆ ಕಾಯುವುದೇ ಕಷ್ಟ. ಆಮೇಲೆ ಗಾಜಿನಿಂದ ದೂರ, ಬಯಲಲ್ಲಿ ಮುಚ್ಚಳ ತೆಗೆಯಿರಿ. ಹಾರದಿದ್ದರೆ, ರೆಕ್ಕೆ ಜೋತುಬಿದ್ದಿದ್ದರೆ, ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್‌ನಂಥ ವನ್ಯಜೀವಿ ಆರೈಕೆಯವರಿಗೆ ಒಪ್ಪಿಸಿ.

ಅಂದು ಇದನ್ನೆಲ್ಲ ಕೇಳಿಸಿಕೊಂಡ ಅಜ್ಜಿಗೆ ಒಂದೇ ಚಿಂತೆ. "ಕೆಲಸದವಳು ಶುಕ್ರವಾರ ಗಾಜು ಒರೆಸ್ತಾಳಲ್ಲ, ಎಲ್ಲಾ ಹೋಗಿಬಿಟ್ರೆ?"

ಹೋಗಲ್ಲ, ಬ್ಲೇಡಿನಲ್ಲಿ ಕೆರೆದರೇ ಹೋಗುವುದು.

"ಸರಿ ಹಾಗಾದ್ರೆ. ಬರೀ ಚುಕ್ಕಿ ಸಾಕೋ, ಎಳೆನೂ ಎಳೀಬೇಕೋ?"